ವಿಂಡೋಸ್ 98ರಲ್ಲಿ ಗಿಗಾಬಿಟ್ ಕಾರ್ಡ್: ಆಗುವುದಿಲ್ಲ ಎಂದದ್ದು ಆದ ಬಗೆ

ವಿಂಡೋಸ್ 98 ಸೆಕೆಂಡ್ ಎಡಿಷನ್, 440ಬಿಎಕ್ಸ್ ಚಿಪ್‌ಸೆಟ್‌ನ ಮದರ್‌ಬೋರ್ಡ್, ಪೆಂಟಿಯಂ 3, 256 ಎಂಬಿ ರ‍್ಯಾಮ್. ಇದರ ಮೂರನೇ ಪಿಸಿಐ ಸ್ಲಾಟ್‌ನಲ್ಲಿ ಆರ್‌ಟಿಎಲ್8169 ಚಿಪ್‌ನ ಗಿಗಾಬಿಟ್ (ಸೆಕೆಂಡಿಗೆ ಸಾವಿರ ಮೆಗಾಬಿಟ್) ನೆಟ್‌ವರ್ಕ್ ಕಾರ್ಡ್ ಈಗ ತಿಂಗಳುಗಟ್ಟಲೆಯಿಂದ ಒಮ್ಮೆಯೂ ಕೈಕೊಡದೆ ಓಡುತ್ತಿದೆ. '98ಕ್ಕೆ ಗಿಗಾಬಿಟ್ ಹೊಂದುವುದಿಲ್ಲ, ಹಳೇ 8139 (100 ಮೆಗಾಬಿಟ್ ಕಾರ್ಡ್) ಹಾಕಿ ಸುಮ್ಮನಿರಿ' ಎಂದವರೇ ಎಲ್ಲರೂ. ಒಂದು ಹಂತದಲ್ಲಿ ನಾನೂ ಹಾಗೇ ನಂಬಿದ್ದೆ. ಕೊನೆಗೆ ಗೊತ್ತಾದದ್ದು ಇಷ್ಟು: ಕಾರ್ಡೂ ಸರಿಯಿತ್ತು, 98 ಕೂಡ ಸರಿಯಿತ್ತು, ನಾನು ಕೆಲಸ ಮಾಡಿದ ಕ್ರಮ ಮಾತ್ರ ತಿರುಗುಮುರುಗಾಗಿತ್ತು. ಡ್ರೈವರ್ ಹಾಕುವುದು ಇಲ್ಲಿ ಕೊನೆಯ ಕೆಲಸ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ.

ಈ ಯಂತ್ರವನ್ನು ಬದಲಿಸುವಂತಿಲ್ಲ. ಇದರೊಳಗಿನ ಐಎಸ್‌ಎ (ಪಿಸಿಐಗಿಂತ ಹಳೆಯ ಬಗೆಯ ಸ್ಲಾಟ್) ಕಾರ್ಡ್ ಒಂದು ಅಳತೆಯ ಸಲಕರಣೆಯನ್ನು ನಡೆಸುತ್ತದೆ, ಅದರ ತಂತ್ರಾಂಶ 98 ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ದಿನಕ್ಕೆ ಒಂದೂವರೆ ಜಿಬಿಯಷ್ಟು ದತ್ತಾಂಶ ಹೊರತೆಗೆಯಬೇಕು. ಮೊದಲು ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ನಕಲು ಮಾಡುತ್ತಿದ್ದೆ.

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಟ್ಟು ಮೂರು ಕಾರ್ಡ್ ಕೊಂಡೆ, ಒಂದು ಸ್ವಿಚ್ ಕೊಂಡೆ. ಮೊದಲ ಕಾರ್ಡಿನ ಡ್ರೈವರ್ ಪೊಟ್ಟಣ ವಿಂಡೋಸ್ 2000ದಿಂದಲೇ ಶುರುವಾಗುತ್ತಿತ್ತು, 98ರ ಫೋಲ್ಡರೇ ಇರಲಿಲ್ಲ. ಎರಡನೆಯದು ಸರಿಯಾದದ್ದೇ, ಆದರೆ ಕೆಟ್ಟಿದೆ ಎಂದುಕೊಂಡು ಪಕ್ಕಕ್ಕಿಟ್ಟೆ. ಮೂರನೆಯದು ಅದೇ ಚಿಪ್, ಅದೇ ತೊಂದರೆ ಕೊಟ್ಟಿತು. ಆಗಲೇ ಅನುಮಾನ ಬಂದದ್ದು. ಸ್ವಿಚ್ ಅಂತೂ ಬೇಕೇ ಇರಲಿಲ್ಲ. ಒಂದು ಕಾರ್ಡಿನ ಬೆಲೆಯ ಐದು ಪಟ್ಟಾದರೂ ಕೈಬಿಟ್ಟಿತು, ನಿಜವಾಗಿ ಬೇಕಿದ್ದದ್ದು ಒಂದು ಕಾರ್ಡ್ ಮತ್ತು ಒಂದು ಒಳ್ಳೆಯ ಕೇಬಲ್. ಕೊಳ್ಳುವ ಮೊದಲು ತಯಾರಕರ ಪೊಟ್ಟಣ ಇಳಿಸಿಕೊಂಡು, 98ರ ಐಎನ್‌ಎಫ್ (ಯಾವ ಚಿಪ್‌ಗೆ ಯಾವ ಡ್ರೈವರ್ ಎಂದು ವಿಂಡೋಸ್‌ಗೆ ಹೇಳುವ ಕಡತ) ತೆರೆದು, ನಿಮ್ಮ ಚಿಪ್‌ನ ಗುರುತು ಅದರಲ್ಲಿದೆಯೇ ನೋಡಿ. 8169ಕ್ಕೆ ಅದು ವೆಂಡರ್ 10ಇಸಿ, ಡಿವೈಸ್ 8169. ಆ ಸಾಲು ಇಲ್ಲದಿದ್ದರೆ ಕೊಳ್ಳಬೇಡಿ. ಕಾರ್ಡಿನ ಅಂಚಿನಲ್ಲಿ ಎರಡು ಕಚ್ಚು ಇರುವುದನ್ನೇ ಆರಿಸಿ. ತೀರಾ ಹಳೆಯ ಎಟಿ ಬೋರ್ಡ್ ಆದರೆ ಸ್ಲಾಟ್‌ಗೆ 3.3 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡುವುದು ಒಳ್ಳೆಯದು; ಬರದಿದ್ದರೆ ಇಂಥ ಕಾರ್ಡ್ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.

ಈಗ ಸೋಲುಗಳು. ಮೊದಲ ಸೋಲು ಎಕ್ಸ್‌ಪಿಯ ಡ್ರೈವರ್ ತುರುಕಿದ್ದು. ಎನ್‌ಡಿಐಎಸ್ (ವಿಂಡೋಸ್‌ಗೂ ನೆಟ್‌ವರ್ಕ್ ಡ್ರೈವರ್‌ಗೂ ನಡುವಿನ ಒಪ್ಪಂದ) ಮಿನಿಪೋರ್ಟ್ ಡ್ರೈವರ್ 98ಕ್ಕೂ 2000ಕ್ಕೂ ಒಂದೇ ಆಗಿರಬಹುದು, ಎರಡರಲ್ಲೂ ಎನ್‌ಡಿಐಎಸ್ 5.0 ಇದೆ. ಎಕ್ಸ್‌ಪಿಯದ್ದು 5.1. ಆ ಧೈರ್ಯದ ಮೇಲೆ ಕೈಯಿಂದ ಐಎನ್‌ಎಫ್ ತಿದ್ದಿ ಎಕ್ಸ್‌ಪಿಯ ಎಸ್‌ವೈಎಸ್ ಕಡತವನ್ನು (ಅದೇ ಡ್ರೈವರ್) ಕೊಟ್ಟೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 2. ಅಂದರೆ ಲೋಡರ್‌ಗೆ ಡ್ರೈವರನ್ನು ಏರಿಸಲಾಗಲಿಲ್ಲ. ಕಾರಣ ಸರಳ: ಆ ಕಡತ ಕೇಳುವ ಕೆಲವು ಫಂಕ್ಷನ್‌ಗಳು 98ರಲ್ಲಿ ಇಲ್ಲವೇ ಇಲ್ಲ. ಇದನ್ನು ಹಾಕಿ ನೋಡದೆಯೇ ತಿಳಿಯುವ ದಾರಿ 98ರಲ್ಲೇ ಇದೆ. ಎಸ್‌ವೈಎಸ್ ಕಡತದ ನಕಲು ಮಾಡಿ, ಹೆಸರಿನ ಕೊನೆಯನ್ನು ಡಿಎಲ್‌ಎಲ್ ಎಂದು ಬದಲಿಸಿ, ಕ್ವಿಕ್ ವ್ಯೂನಲ್ಲಿ ತೆರೆಯಿರಿ. (ಅದು ಮೊದಲೇ ಇರುವುದಿಲ್ಲ, ವಿಂಡೋಸ್ ಸೆಟಪ್‌ನ ಆಕ್ಸೆಸರೀಸ್ ಪಟ್ಟಿಯಿಂದ ಸೇರಿಸಬೇಕು.) ಇಂಪೋರ್ಟ್ ಪಟ್ಟಿಯಲ್ಲಿ ಎನ್‌ಡಿಐಎಸ್ ಒಂದೇ ಕಂಡರೆ ಭರವಸೆ ಇಡಬಹುದು. ಎನ್‌ಟಿ ಕರ್ನೆಲ್, ಹ್ಯಾಲ್ ಎಂದು ಉದ್ದಕ್ಕೆ ಹೆಸರು ಬಂದರೆ ಆ ಕಡತದ ಆಸೆ ಬಿಡಿ.

ಎರಡನೇ ಸೋಲು ಹೆಚ್ಚು ದಿನ ತಿಂದಿತು. 98ರ ಸರಿಯಾದ ಡ್ರೈವರ್ ಹಾಕಿದೆ, ಹಳದಿ ಗುರುತು ಹೋಯಿತು, ನೆಟ್‌ವರ್ಕ್ ಕೆಲಸ ಮಾಡಿತು. ಸಲಕರಣೆಯ ತಂತ್ರಾಂಶ ತೆರೆದ ಕೂಡಲೇ ಯಂತ್ರ ಕಲ್ಲಾಯಿತು. ಐಎಸ್‌ಎ ಕಾರ್ಡ್ ಜಂಪರ್‌ನಿಂದ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆ) 10ಕ್ಕೆ ಕಟ್ಟಿದ್ದು, ಪ್ಲಗ್ ಅಂಡ್ ಪ್ಲೇ ಅಲ್ಲ. ಬಯೋಸ್‌ಗೆ ಅದು ಕಾಣುವುದೇ ಇಲ್ಲ, ಹಾಗಾಗಿ 10 ಖಾಲಿ ಎಂದುಕೊಂಡು ಅದನ್ನೇ ಹೊಸ ಕಾರ್ಡಿಗೆ ಕೊಟ್ಟಿತ್ತು. ಪಿಸಿಐ ಕಾರ್ಡ್‌ಗಳು ತಮ್ಮೊಳಗೆ ಐಆರ್‌ಕ್ಯೂ ಹಂಚಿಕೊಳ್ಳುತ್ತವೆ, ಐಎಸ್‌ಎ ಜೊತೆ ಹಂಚಿಕೊಳ್ಳುವುದಿಲ್ಲ. ಪರಿಹಾರ ಬಯೋಸ್‌ನ ಪಿಎನ್‌ಪಿ/ಪಿಸಿಐ ಪುಟದಲ್ಲಿದೆ: ಐಆರ್‌ಕ್ಯೂ 10ನ್ನು 'ಲೆಗಸಿ ಐಎಸ್‌ಎ' ಮಾಡಿ, 'ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್' ಎಂಬುದಕ್ಕೆ 'ನೋ' ಕೊಡಿ, 'ರೀಸೆಟ್ ಕಾನ್ಫಿಗರೇಷನ್ ಡೇಟಾ' ಒಮ್ಮೆ 'ಯೆಸ್' ಮಾಡಿ ಹೊರಬನ್ನಿ. ಬೂಟ್ ಆಗುವಾಗ ಪಿಸಿಐ ಪಟ್ಟಿ ಬಂದ ಕೂಡಲೇ ಪಾಝ್ (Pause) ಕೀಲಿ ಒತ್ತಿ, ನೆಟ್‌ವರ್ಕ್ ಕಂಟ್ರೋಲರ್ ಎದುರು ಯಾವ ಸಂಖ್ಯೆ ಇದೆ ಬರೆದುಕೊಳ್ಳಿ. ನನ್ನದು 11ಕ್ಕೆ ಹೋಯಿತು. ಎಜಿಪಿಗೆ (ಡಿಸ್‌ಪ್ಲೇ ಕಾರ್ಡಿನ ಸ್ಲಾಟ್) ಅಂಟಿಕೊಂಡ ಮೊದಲ ಪಿಸಿಐ ಸ್ಲಾಟ್ ಬಹಳ ಬೋರ್ಡ್‌ಗಳಲ್ಲಿ ಡಿಸ್‌ಪ್ಲೇ ಕಾರ್ಡ್ ಜೊತೆ ಗೆರೆ ಹಂಚಿಕೊಳ್ಳುತ್ತದೆ, ಅದನ್ನು ಬಿಟ್ಟುಬಿಡಿ.

ಮೂರನೆಯದು ಕೇಬಲ್. ದೀಪ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಹಳೇ 100 ಮೆಗಾಬಿಟ್ ಕಾರ್ಡ್ ಅದೇ ಕೇಬಲ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು, ಅದಕ್ಕೇ ಗಿಗಾಬಿಟ್ ಕಾರ್ಡೇ ಕೆಟ್ಟದ್ದು ಎಂದು ತೀರ್ಮಾನಿಸಿದೆ, ಆಮೇಲೆ ಸ್ವಿಚ್ ಬದಲಿಸಿದೆ. ಆ ಕೇಬಲ್‌ನಲ್ಲಿ 1, 2, 3, 6 ಈ ನಾಲ್ಕು ತಂತಿ ಮಾತ್ರ ಕ್ರಿಂಪ್ ಆಗಿದ್ದವು. 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ವೇಗದ ಮಾತುಕತೆ ನಡೆಯುವುದು ಇದ್ದ ಜೊತೆಗಳಲ್ಲೇ ಆದ್ದರಿಂದ ಎರಡೂ ತುದಿ 1000ಕ್ಕೆ ಒಪ್ಪಿಕೊಳ್ಳುತ್ತವೆ, ಒಪ್ಪಿದ ಮೇಲೆ ಉಳಿದ ಜೊತೆ ಸಿಗದೆ ಬೀಳುತ್ತವೆ. ಮತ್ತೆ ಮಾತುಕತೆ, ಮತ್ತೆ ಬೀಳುವುದು. ಕನೆಕ್ಟರ್ ಬೆಳಕಿಗೆ ಹಿಡಿದು ಎಂಟು ತಂತಿ ಎಣಿಸಿದ್ದರೆ ಸ್ವಿಚ್‌ನ ದುಡ್ಡು ಉಳಿಯುತ್ತಿತ್ತು.

ಇಷ್ಟಾದ ಮೇಲೆ ಎಲ್ಲ ಕಿತ್ತುಹಾಕಿ ಮೊದಲಿಂದ ಮಾಡಿದೆ. ಕಾರ್ಡ್ ಹೊರಗಿಟ್ಟು ಶುರು.

ಸಿಡಿಯ ವಿನ್98 ಫೋಲ್ಡರನ್ನು ಪೂರ್ತಿ ಸಿ ಡ್ರೈವ್‌ಗೆ ನಕಲು ಮಾಡಿದೆ, ನೂರಿಪ್ಪತ್ತು ಎಂಬಿ ಹತ್ತಿರ ಬರುತ್ತದೆ. ರಿಜಿಸ್ಟ್ರಿಯಲ್ಲಿ ಲೋಕಲ್ ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಸೆಟಪ್ ಎಂದು ಇಳಿದು 'ಸೋರ್ಸ್‌ಪಾತ್' ಮೌಲ್ಯವನ್ನು ಆ ಫೋಲ್ಡರ್‌ಗೆ ತಿರುಗಿಸಿದೆ. ಇದನ್ನು ಮಾಡದವರು ಟಿಸಿಪಿ/ಐಪಿ ಸೇರಿಸುವಾಗ 'ಸಿಡಿ ಹಾಕಿ' ಎಂಬ ಪ್ರಶ್ನೆಗೆ 'ಸ್ಕಿಪ್' ಒತ್ತುತ್ತಾರೆ, ಅರ್ಧ ಕಡತ ಬಂದು ಅರ್ಧ ಬಾರದೆ ಉಳಿಯುತ್ತದೆ, ಆಮೇಲೆ ಡ್ರೈವರನ್ನು ಬೈಯುತ್ತಾರೆ. ಇರುವ ಕಡತವೇ ಹೊಸದು, ಉಳಿಸಿಕೊಳ್ಳಲೇ ಎಂದು ಕೇಳಿದರೆ ಹೂಂ ಎನ್ನಿ.

ಆಮೇಲೆ ಹಳೆಯ ಭೂತಗಳು. ನೆಟ್‌ವರ್ಕ್ ಪ್ಯಾನೆಲ್‌ನಿಂದ ಇದ್ದದ್ದೆಲ್ಲ ತೆಗೆದು, ಸೇಫ್ ಮೋಡ್‌ಗೆ ಹೋಗಿ ಡಿವೈಸ್ ಮ್ಯಾನೇಜರ್ ತೆರೆದೆ. ಮಾಮೂಲಿ ಮೋಡ್‌ನಲ್ಲಿ ಒಂದೂ ಕಾಣದ ಕಡೆ ಸೇಫ್ ಮೋಡ್‌ನಲ್ಲಿ ಐದು ಅಡಾಪ್ಟರ್ ಕಂಡವು! ಪ್ರತಿ ಸಲ ಸ್ಲಾಟ್ ಬದಲಿಸಿದಾಗಲೂ ಒಂದೊಂದು ಉಳಿದುಕೊಂಡಿತ್ತು. ಐದೂ ಅಳಿಸಿದೆ. ವಿಂಡೋಸ್‌ನ ಐಎನ್‌ಎಫ್ ಫೋಲ್ಡರ್ ಒಳಗೆ 'ಅದರ್' ಎಂಬ ಒಳಫೋಲ್ಡರ್ ಇದೆ, ನೀವು ಹಿಂದೆ ಕೊಟ್ಟ ಐಎನ್‌ಎಫ್‌ಗಳೆಲ್ಲ ಅಲ್ಲಿ ಕೂತಿರುತ್ತವೆ. ನೆಟ್‌ವರ್ಕ್‌ನವು ಎಲ್ಲ ತೆಗೆದೆ. ಅದೇ ಐಎನ್‌ಎಫ್ ಫೋಲ್ಡರ್‌ನಲ್ಲಿ ಡಿಆರ್‌ವಿಐಡಿಎಕ್ಸ್, ಡಿಆರ್‌ವಿಡೇಟಾ ಎಂಬ ಎರಡು ಬಿನ್ ಕಡತ ಇವೆ, ಅವನ್ನೂ ಅಳಿಸಿದೆ. ವಿಂಡೋಸ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇವು ಉಳಿದರೆ ಮುಂದಿನ ಸಲ ವಿಝರ್ಡ್ ನಿಮ್ಮನ್ನು ಕೇಳದೆಯೇ ಹಳೆಯ ತಪ್ಪು ಡ್ರೈವರನ್ನು ಎಳೆದು ತರುತ್ತದೆ. ನನ್ನ ಎರಡನೇ ಕಾರ್ಡ್ 'ಸತ್ತದ್ದು' ಹೀಗೇ.

ಈಗ ಎಂಎಸ್‌ಡಾಸ್ ಡಾಟ್ ಎಸ್‌ವೈಎಸ್ ಕಡತದಲ್ಲಿ 'ಬೂಟ್‌ಜಿಯುಐ=0' ಬರೆದು, ಪವರ್ ತೆಗೆದು, ಕಾರ್ಡ್ ಕೂರಿಸಿದೆ. ಯಂತ್ರ ಡಾಸ್ ಪ್ರಾಂಪ್ಟ್‌ನಲ್ಲೇ ನಿಲ್ಲುತ್ತದೆ, ವಿಂಡೋಸ್‌ಗೆ ಇನ್ನೂ ಕಾರ್ಡಿನ ಸುದ್ದಿಯೇ ಇಲ್ಲ. ಇಲ್ಲಿ ತಯಾರಕರ ಡಾಸ್ ಪ್ಯಾಕೆಟ್ ಡ್ರೈವರನ್ನು 0x60 ಇಂಟರಪ್ಟ್ ಮೇಲೆ ಏರಿಸಿ, ಎಂಟಿಸಿಪಿ ಪೊಟ್ಟಣದ (ಡಾಸ್‌ನ ನೆಟ್‌ವರ್ಕ್ ಉಪಕರಣಗಳು) ಡಿಎಚ್‌ಸಿಪಿ, ಅಂದರೆ ವಿಳಾಸ ಕೇಳಿ ಪಡೆಯುವ ಪ್ರೋಗ್ರಾಂ, ಓಡಿಸಿದೆ. ಮೂರ್ನಾಲ್ಕು ಸೆಕೆಂಡಿಗೆ ವಿಳಾಸ ಬಂತು. ಅದರ ಎಫ್‌ಟಿಪಿಯಿಂದ ಇಪ್ಪತ್ತು ಎಂಬಿ ಕಡತ ಎಳೆದು ನೋಡಿದೆ, ಬಂತು. ಅಲ್ಲಿಗೆ ಕಾರ್ಡ್, ಸ್ಲಾಟ್, ಐಆರ್‌ಕ್ಯೂ, ಕೇಬಲ್, ಸ್ವಿಚ್ ಎಲ್ಲ ಸರಿ ಎಂದು ಖಾತ್ರಿ. ಇನ್ನು ಮೇಲೆ ಏನು ಕೆಟ್ಟರೂ ಅದು ವಿಂಡೋಸ್ ಒಳಗಿನದ್ದು. ಈ ಹತ್ತು ನಿಮಿಷದ ಪರೀಕ್ಷೆ ಮೊದಲೇ ಮಾಡಿದ್ದರೆ ಎರಡು ಕಾರ್ಡಿನ ದುಡ್ಡು ಉಳಿಯುತ್ತಿತ್ತು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಪ್ಯಾಕೆಟ್ ಡ್ರೈವರ್ ಮೆಮೊರಿಯಲ್ಲಿ ಇರುವಾಗಲೇ ವಿಂಡೋಸ್ ಶುರು ಮಾಡಬೇಡಿ, ರೀಬೂಟ್ ಮಾಡಿ.

ಆಮೇಲೆ 'ವಿನ್' ಎಂದು ಟೈಪ್ ಮಾಡಿದೆ. ವಿಝರ್ಡ್ ಬಂದಾಗ ಹುಡುಕಲು ಬಿಡದೆ, ಪಟ್ಟಿ ತೋರಿಸು ಎಂಬುದನ್ನು ಆರಿಸಿ, 'ಹ್ಯಾವ್ ಡಿಸ್ಕ್' ಒತ್ತಿ, ಸಿ ಡ್ರೈವ್‌ನಲ್ಲಿ ಎಂಟಕ್ಷರ ಮೀರದ ಹೆಸರಿನ ಫೋಲ್ಡರ್‌ನಲ್ಲಿಟ್ಟ ಐಎನ್‌ಎಫ್ ತೋರಿಸಿದೆ. ಪೊಟ್ಟಣದ ಸೆಟಪ್ ಓಡಿಸಲೇ ಇಲ್ಲ. ಬೇಕಾದದ್ದು ಒಂದು ಐಎನ್‌ಎಫ್, ಒಂದು ಎಸ್‌ವೈಎಸ್, ಎರಡೂ ಫ್ಲಾಪಿಯಲ್ಲಿ ಹಿಡಿಯುತ್ತವೆ. ಸಿಡಿಯಲ್ಲಿ ತರುವುದಾದರೆ ಸಿಡಿ-ಆರ್ ಬಳಸಿ, ಹಳೇ ಡ್ರೈವ್‌ಗಳು ಸಿಡಿ-ಆರ್‌ಡಬ್ಲ್ಯೂ ಓದಲು ತಡವರಿಸುತ್ತವೆ. ಐಎನ್‌ಎಫ್‌ನಲ್ಲಿ ನಾನು ಒಂದೇ ಒಂದು ಸಾಲು ಬದಲಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಎರಡು ವಾರ ಕೂತಿದ್ದೇನೆ, ಅದಿಲ್ಲದೆಯೂ ಕಾರ್ಡ್ ಓಡುತ್ತದೆ.

ಬೂಟ್‌ಲಾಗ್ (ವಿಂಡೋಸ್ ಏರುವಾಗ ಬರೆದಿಡುವ ದಾಖಲೆ) ನೋಡುವ ಅಭ್ಯಾಸ ಇರುವವರಿಗೆ ಒಂದು ಮಾತು: 'ಎನ್‌ಡಿಐಎಸ್2ಎಸ್‌ಯುಪಿ' ಲೋಡ್‌ಫೇಲ್ ಎಂದು ಇರುತ್ತದೆ. ಅದು ತಪ್ಪಲ್ಲ. ಹಳೆಯ ರಿಯಲ್ ಮೋಡ್ ಡ್ರೈವರ್ ಇಲ್ಲದ ಕಾರಣ ಅದು ಏರುವುದಿಲ್ಲ, ಅಷ್ಟೇ. ಅದರ ಹಿಂದೆ ಒಂದು ದಿನ ಕಳೆದೆ.

ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ ಮೂರೇ ಇರಬೇಕು: ಮೈಕ್ರೋಸಾಫ್ಟ್ ಕ್ಲೈಂಟ್, ಅಡಾಪ್ಟರ್, ಟಿಸಿಪಿ/ಐಪಿ. ಡಯಲ್-ಅಪ್ ಅಡಾಪ್ಟರ್, ಐಪಿಎಕ್ಸ್, ನೆಟ್‌ಬ್ಯೂಯಿ ಎಲ್ಲ ತೆಗೆಯಿರಿ. ವಿಳಾಸ ಕೈಯಿಂದ ಕೊಟ್ಟರೆ ಬೂಟ್ ಬೇಗ ಆಗುತ್ತದೆ. ಡಿಎಚ್‌ಸಿಪಿಯೇ ಬೇಕೆಂದರೆ ವಿನ್‌ಐಪಿಸಿಎಫ್‌ಜಿಯಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡಾಗ ಸರ್ವರ್ ಸಿಕ್ಕಿಲ್ಲ ಎಂದು ತಿಳಿಯಿರಿ. ವೇಗವನ್ನು ಆಟೋದಲ್ಲೇ ಬಿಡಿ. ಒಂದು ತುದಿಗೆ ಮಾತ್ರ 100 ಫುಲ್ ಎಂದು ಕಟ್ಟಿದರೆ, ಆಟೋದಲ್ಲಿರುವ ಇನ್ನೊಂದು ತುದಿ ವೇಗ ಗುರುತಿಸುತ್ತದೆ, ಡ್ಯೂಪ್ಲೆಕ್ಸ್ (ಎರಡೂ ದಿಕ್ಕಿಗೆ ಒಮ್ಮೆಲೇ ಕಳಿಸಬಹುದೇ ಎಂಬುದು) ಗೊತ್ತಾಗದೆ ಹಾಫ್‌ಗೆ ಬೀಳುತ್ತದೆ. ಪಿಂಗ್ ಚೆಂದ ಹೋಗುತ್ತದೆ, ಕಡತ ನಕಲು ತೆವಳುತ್ತದೆ.

ಕಾರ್ಡ್ ಓಡಿತು, ವೇಗ ಬರಲಿಲ್ಲ. ಸೆಕೆಂಡಿಗೆ ಮೂರು ಎಂಬಿ, ಪ್ರೊಸೆಸರ್ ಪೂರ್ತಿ ನೂರಕ್ಕೆ ಏರಿ ನಿಲ್ಲುತ್ತಿತ್ತು. ನೋಡಿದವರೆಲ್ಲ 'ಹೇಳಿದ್ದೆವಲ್ಲ' ಎಂದರು. ಅದು ನೆಟ್‌ವರ್ಕ್‌ನದ್ದಲ್ಲ, ಡಿಸ್ಕ್‌ನದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಡಿಎಂಎ ಚೌಕ ಖಾಲಿಯಿತ್ತು, ಅಂದರೆ ಪ್ರತಿ ಅಕ್ಷರವನ್ನೂ ಪ್ರೊಸೆಸರೇ ಹೊರುತ್ತಿತ್ತು. ಗುರುತು ಹಾಕಿ ರೀಬೂಟ್ ಮಾಡಿದ್ದಕ್ಕೆ ಒಂಬತ್ತು ಎಂಬಿ ಆಯಿತು. ಅಲ್ಲಿಂದ ಮುಂದೆ ಟಿಸಿಪಿ ವಿಂಡೋ, ಅಂದರೆ ಸ್ವೀಕೃತಿಗೆ ಕಾಯದೆ ಒಮ್ಮೆಗೆ ಬರಬಹುದಾದ ದತ್ತಾಂಶ. 98 ಇಟ್ಟುಕೊಳ್ಳುವುದು ಸುಮಾರು 8 ಕೆಬಿ. ರಿಜಿಸ್ಟ್ರಿಯ ಸರ್ವಿಸಸ್, ವಿಎಕ್ಸ್‌ಡಿ, ಎಂಎಸ್‌ಟಿಸಿಪಿ ಕೀಲಿಯಲ್ಲಿ 'ಡಿಫಾಲ್ಟ್ ಆರ್‌ಸಿವಿ ವಿಂಡೋ' ಎಂಬ ಸ್ಟ್ರಿಂಗ್ ಮೌಲ್ಯ (ಹೆಸರು ಖಾಲಿ ಜಾಗವಿಲ್ಲದೆ) ಸೇರಿಸಿ 64240 ಕೊಟ್ಟೆ. ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ 1460 ಬೈಟ್‌ನ 44 ಪಟ್ಟು. 98 ಕಡೆಗೆ ಬರುವ ಎಫ್‌ಟಿಪಿ ಹದಿನಾಲ್ಕು, ಹದಿನೈದಕ್ಕೆ ನಿಂತಿತು. ಹೋಗುವುದು ಅದಕ್ಕಿಂತ ತುಸು ಕಡಿಮೆ, ಹನ್ನೆರಡು ಇರಬೇಕು. 440ಬಿಎಕ್ಸ್‌ನ ಐಡಿಇ ದಾರಿ 33 ಎಂಬಿಯದ್ದು, ನನ್ನ ಡಿಸ್ಕ್ ಅದರ ಹತ್ತಿರಕ್ಕೂ ಬರುವುದಿಲ್ಲ, ಆದ್ದರಿಂದ ಇದರ ಮೇಲೆ ಎಳೆಯುವುದು ಕಷ್ಟ. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಕೂಡ ಒಂದು ಸಂಜೆ ಪ್ರಯತ್ನಿಸಿದೆ, ಲಾಭ ಕಾಣಲಿಲ್ಲ, ಹಿಂದಕ್ಕೆ ತಿರುಗಿಸಿದೆ.

ಎಫ್‌ಟಿಪಿ ಬೇಡ, ಹಂಚಿದ ಫೋಲ್ಡರೇ ಬೇಕು ಎನ್ನುವವರಿಗೆ: 98 ಮಾತನಾಡುವುದು ಎಸ್‌ಎಂಬಿ 1 (ಕಡತ ಹಂಚಿಕೆಯ ಹಳೆಯ ಪ್ರೋಟೋಕಾಲ್) ಮಾತ್ರ. ಸಾಂಬಾದಲ್ಲಿ (ಲಿನಕ್ಸ್ ಯಂತ್ರದಿಂದ ವಿಂಡೋಸ್‌ಗೆ ಫೋಲ್ಡರ್ ಹಂಚುವ ತಂತ್ರಾಂಶ) 4.11ರಿಂದ ಅದು ತಾನಾಗಿ ಮುಚ್ಚಿರುತ್ತದೆ. ಸರ್ವರ್‌ನ ಕನಿಷ್ಠ ಪ್ರೋಟೋಕಾಲ್ 'ಎನ್‌ಟಿ1' ಮಾಡಬೇಕು, ಹಳೇ ಲ್ಯಾನ್‌ಮ್ಯಾನ್, ಎನ್‌ಟಿಎಲ್‌ಎಂ ದೃಢೀಕರಣಗಳಿಗೂ (ಪಾಸ್‌ವರ್ಡ್ ಪರೀಕ್ಷಿಸುವ ಹಳೆಯ ಬಗೆಗಳು) ಅನುಮತಿ ಕೊಡಬೇಕು. ಬೂಟ್ ಆದಾಗ ಬರುವ ಪಾಸ್‌ವರ್ಡ್ ಕಿಟಕಿಯನ್ನು ಎಸ್ಕೇಪ್ ಒತ್ತಿ ದಾಟಿದರೆ ಪಿಂಗ್ ಹೋಗುತ್ತದೆ, ಹಂಚಿದ ಫೋಲ್ಡರ್ ಮಾತ್ರ ಸಿಗುವುದಿಲ್ಲ. ಹೆಸರು ಕೊಟ್ಟು ಓಕೆ ಒತ್ತಲೇಬೇಕು. ಇಂಥ ಸರ್ವರನ್ನು ಬೇರೆ ಯಂತ್ರಗಳ ಜಾಲದಲ್ಲಿ ಇಡಬೇಡಿ. ನಾನು ಆ ಸರ್ವರ್‌ಗೆ ಎರಡನೇ ಕಾರ್ಡ್ ಹಾಕಿ ಈ ಎರಡು ಯಂತ್ರಗಳ ನಡುವೆ ನೇರ ಕೇಬಲ್ ಎಳೆದಿದ್ದೇನೆ, ಹೊರಗಿನ ದಾರಿಯೇ ಇಲ್ಲ. ಕೆಟ್ಟಿದೆ ಎಂದು ಪಕ್ಕಕ್ಕಿಟ್ಟಿದ್ದ ಕಾರ್ಡೇ ಈಗ ಆ ತುದಿಯಲ್ಲಿ ಕೂತಿದೆ. ಒಂದೂವರೆ ಜಿಬಿ ಹೊರಬರಲು ಎರಡು ನಿಮಿಷ ಚಿಲ್ಲರೆ ಸಾಕು.