ಪಕ್ಕದ ಮನೆಯವರು ಕೇಳಿದಾಗ: ಕ್ರೈಸ್ತ ವಿಶ್ವಾಸವನ್ನು ಆಡುಮಾತಿನಲ್ಲಿ ಹೇಳುವುದು ಹೇಗೆ

"ನೀವು ಯೇಸುವನ್ನು ಯಾಕೆ ನಂಬುತ್ತೀರಿ?" ಎಂದು ನೆರೆಯವರೋ ಸಹೋದ್ಯೋಗಿಯೋ ಕೇಳಿದಾಗ ಮಾತು ಕೆಡುವುದು ಹೆಚ್ಚಾಗಿ ಪದಗಳಿಂದ. ಚರ್ಚಿನೊಳಗೆ ಕಿವಿಗೆ ಒಗ್ಗಿಹೋದ ಪದಗಳಿಗೆ ಹೊರಗಿನ ಕನ್ನಡದಲ್ಲಿ ಬೇರೆಯೇ ಅರ್ಥವಿದೆ.

'ಪಾಪ'ವನ್ನೇ ತೆಗೆದುಕೊಳ್ಳಿ. ಕೇಳುವವರಿಗೆ ಅದು ಪುಣ್ಯದ ಎದುರಿನ ಲೆಕ್ಕ, ಇಲ್ಲವೇ 'ಅಯ್ಯೋ ಪಾಪ'. 'ನೀವು ಪಾಪಿ' ಎಂದರಂತೂ ಬೈದ ಹಾಗೆಯೇ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದ 'ಹಮಾರ್ತಿಯ'ಕ್ಕೆ ಗುರಿ ತಪ್ಪುವುದು ಎಂಬ ಮೂಲಾರ್ಥವಿದೆ. 'ದೇವರಿಂದ ದೂರ ಸರಿದಿದ್ದೇವೆ' ಎನ್ನಿ. 'ನೀವು' ಬಿಟ್ಟು 'ನಾವು' ಬಳಸಿ.

'ಹೊಸದಾಗಿ ಹುಟ್ಟಬೇಕು' ಎಂದೊಡನೆ ಪುನರ್ಜನ್ಮ ನೆನಪಾಗುತ್ತದೆ. ಅದು ಸಹಜ. ಯೋಹಾನ 3:4ರಲ್ಲಿ ಯೇಸುವನ್ನು ಕಾಣಲು ಬಂದ ಯೆಹೂದ್ಯ ಮುಖಂಡ ನಿಕೊದೇಮನೂ ತಾಯಿಯ ಹೊಟ್ಟೆಯನ್ನು ಮತ್ತೆ ಸೇರಲಾದೀತೇ ಎಂದೇ ಕೇಳಿದ. ಇದೇ ಜನ್ಮದಲ್ಲಿ ಒಳಗಿನ ಬದುಕು ಬದಲಾಗುವುದೆಂದು ಬಿಡಿಸಿ ಹೇಳಿ. 'ಅವತಾರ' ಹತ್ತಿರದ ಪದವಾದರೂ ಮತ್ತೆ ಮತ್ತೆ ಬರುವ ಅರ್ಥ ಅದರಲ್ಲಿದೆ. ದೇವರು ಒಂದೇ ಸಲ ಮನುಷ್ಯನಾದ, ಹಸಿದ, ದಣಿದ, ಗೆಳೆಯ ಲಾಜರನ ಸಮಾಧಿಯ ಬಳಿ ಅತ್ತ, ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದ ಎಂಬುದು ನಮ್ಮ ನಂಬಿಕೆ. 'ರಕ್ತದಿಂದ ತೊಳೆದ' ಎಂಬ ಮಾತು ಮೊದಲ ದಿನ ಬೇಡ. ಯೆಹೂದ್ಯರ ಬಲಿಯ ಹಿನ್ನೆಲೆ ತಿಳಿಯದವರಿಗೆ ಅದು ಭಯ ಹುಟ್ಟಿಸುತ್ತದೆ.

ಉತ್ತರ ಎರಡು ನಿಮಿಷ ಮೀರದಿರಲಿ: ಯೇಸು ಯಾರು, ಏನು ಮಾಡಿದ, ಅದರಿಂದ ನಿಮ್ಮ ದಿನಚರಿಯಲ್ಲಿ ಏನು ಬದಲಾಗಿದೆ. ಇನ್ನೂ ಕೇಳುವ ಆಸಕ್ತಿ ಕಂಡರೆ ಸಿದ್ಧಾಂತಕ್ಕೆ ಇಳಿಯದೆ ಲೂಕ 15:11-32ರ ಕಥೆ ಹೇಳಿ. ಅಪ್ಪ ಬದುಕಿರುವಾಗಲೇ ಆಸ್ತಿಯಲ್ಲಿ ಪಾಲು ಕೇಳುವ ಮಗ ಏನು ಮಾಡಿದಂತಾಯಿತೆಂದು ನಮ್ಮ ಊರುಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆ ಮಗ ಪಾಲನ್ನೆಲ್ಲ ಹಾಳುಮಾಡಿ, ಹಂದಿ ಕಾದು, ಹಸಿದು ಮರಳುವಾಗ ಅಪ್ಪನೇ ಓಡಿ ಹೋಗಿ ಅಪ್ಪಿಕೊಳ್ಳುತ್ತಾನೆ. 'ಕೃಪೆ' ಎಂದರೆ ಇದೇ: ಸಂಪಾದಿಸದೆ ಸಿಕ್ಕಿದ್ದು. ಹಿರಿಯ ಮಗನನ್ನು ಮಾತ್ರ ಬಿಡಬೇಡಿ. ತಮ್ಮ ಮರಳಿದ್ದಕ್ಕೆ ಅಪ್ಪ ಮಾಡಿಸಿದ ಔತಣಕ್ಕೆ ಒಳಗೆ ಬರಲೊಪ್ಪದೆ ಅಂಗಳದಲ್ಲೇ ನಿಂತ ಅವನು ಕೊನೆಗೆ ಬಂದನೋ ಇಲ್ಲವೋ ಕಥೆ ಹೇಳುವುದಿಲ್ಲ. ನೀವೂ ಅಲ್ಲಿಗೇ ನಿಲ್ಲಿಸಿ.

ಕಥೋಲಿಕರ ಮದುವೆಗೆ ಬರುವ ಅತಿಥಿಗಳಿಗೆ, ಪೂಜೆಯಲ್ಲಿ ಕೊಡುವ ರೊಟ್ಟಿಯಾದ 'ಪರಮಪ್ರಸಾದ' ಎಂದರೆ ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಸಿಗುವುದು ಎನಿಸಬಹುದು. ಅದು ಕ್ರಿಸ್ತನ ಶರೀರವೆಂದೇ ನಂಬುವುದರಿಂದ ದೀಕ್ಷಾಸ್ನಾನ ಪಡೆಯದವರಿಗೆ ಕೊಡುವುದಿಲ್ಲ ಎಂದು ಮುಂಚೆಯೇ ತಿಳಿಸಿ. ಸಾಲಿನಲ್ಲಿ ನಿಂತ ಮೇಲೆ ತಡೆದರೆ ಅವಮಾನ.

ಕೇಳುವವರ ದೇವರುಗಳನ್ನು ಹೀಗಳೆಯಬೇಡಿ. 1 ಪೇತ್ರ 3:15 ಉತ್ತರ ಕೊಡಲು ಸಿದ್ಧರಿರಿ ಎನ್ನುವುದರ ಜೊತೆಗೇ ಸೌಮ್ಯತೆಯನ್ನೂ ಕೇಳುತ್ತದೆ. ಹಣ, ಶಾಲೆಯ ಫೀಸು, ಕೆಲಸದ ಮಾತು ಇದರಲ್ಲಿ ಬೆರೆಯಲೇಬಾರದು. ಸಂವಿಧಾನದ 25ನೇ ವಿಧಿಯ ಪ್ರಚಾರದ ಹಕ್ಕೆಂದರೆ ತತ್ವಗಳನ್ನು ವಿವರಿಸುವುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಓದಲು ಪುಸ್ತಕ ಕೇಳಿದರೆ ಮಾರ್ಕನ ಸುವಾರ್ತೆ ಕೊಡಿ. 16 ಅಧ್ಯಾಯಗಳು, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಮತ್ತಾಯನದು ಉದ್ದದ ವಂಶಾವಳಿಯಿಂದ ಶುರುವಾಗುವುದರಿಂದ ಹೊಸಬರು ಮೊದಲ ಪುಟದಲ್ಲೇ ಮುಚ್ಚಿಡುತ್ತಾರೆ.