ಬೆಂಗಳೂರಿನಿಂದಲೇ ಅಮೆರಿಕದ ಮಿಡ್‌ಟರ್ಮ್‌ಗೆ ಮತ ಹಾಕುವುದು ಹೇಗೆ

ಅಮೆರಿಕದ ಮಿಡ್‌ಟರ್ಮ್, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆ, 2026ರ ನವೆಂಬರ್ 3ಕ್ಕೆ. ಕೆಳಮನೆಯ ಅಷ್ಟೂ 435 ಸ್ಥಾನ, ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗ, ಜೊತೆಗೆ 36 ರಾಜ್ಯಗಳ ಗವರ್ನರ್ ಹುದ್ದೆ. ಅಲ್ಲಿಂದ ವಾಪಸ್ ಬಂದು ವೈಟ್‌ಫೀಲ್ಡ್‌ನಲ್ಲೋ ಜೆ.ಪಿ. ನಗರದಲ್ಲೋ ನೆಲೆಸಿರುವ ಅಮೆರಿಕನ್ ಪೌರರು, ಅಲ್ಲಿ ಹುಟ್ಟಿ ಇಲ್ಲಿ ಬೆಳೆದು 18 ತುಂಬಿದ ಮಕ್ಕಳು ಇಲ್ಲಿಂದಲೇ ಮತ ಹಾಕಬಹುದು. ಗ್ರೀನ್ ಕಾರ್ಡ್ ಮಾತ್ರ ಇರುವವರು ಈ ಅರ್ಜಿಯ ತಂಟೆಗೇ ಹೋಗಬೇಡಿ, ಗಡೀಪಾರಾಗುವ ಅಪಾಯವಿದೆ.

ತುಂಬಬೇಕಾದ ಅರ್ಜಿ ಎಫ್‌ಪಿಸಿಎ (ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್). ಹೊರದೇಶದಲ್ಲಿರುವ ಮತದಾರರಿಗೆ ನೆರವಾಗುವ ಅಮೆರಿಕ ಸರ್ಕಾರದ ಎಫ್‌ವಿಎಪಿ ಜಾಲತಾಣದಲ್ಲಿ ಸಿಗುತ್ತದೆ. ಹೆಸರು ನೋಂದಣಿಗೂ ಮತಪತ್ರ ಕೇಳುವುದಕ್ಕೂ ಇದೊಂದೇ ಸಾಕು, ಆದರೆ ಪ್ರತಿ ವರ್ಷ ಹೊಸದಾಗಿ ಕಳಿಸಬೇಕು. 2024ರಲ್ಲಿ ಕಳಿಸಿದ್ದೆವಲ್ಲ ಎಂದು ಸುಮ್ಮನಿದ್ದವರಿಗೆ ಮತಪತ್ರ ಬರದೇ ಹೋಗಬಹುದು.

ಎಡವುವುದು ಎರಡು ಕಡೆ. ಒಂದು ವಿಳಾಸ: ಮತದಾರರ ವಿಳಾಸ ಎಂಬಲ್ಲಿ ಅಮೆರಿಕದಲ್ಲಿ ಕೊನೆಗೆ ವಾಸವಿದ್ದ ಮನೆಯ ವಿಳಾಸ ಬರೆಯಬೇಕು, ಆ ಮನೆ ಮಾರಿದ್ದರೂ ಸರಿ. ಬೆಂಗಳೂರಿನದು ಅಂಚೆ ವಿಳಾಸದ ಜಾಗಕ್ಕೆ. ಇನ್ನೊಂದು, 'ಮರಳುವ ಉದ್ದೇಶವಿದೆ', 'ಖಚಿತವಿಲ್ಲ' ಎಂಬ ಆಯ್ಕೆ. ಯೋಚಿಸದೆ ಟಿಕ್ ಹಾಕುವವರೇ ಹೆಚ್ಚು. ಖಚಿತವಿಲ್ಲ ಎಂದರೆ ಕೆಲವು ರಾಜ್ಯಗಳು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸ್ಥಾನಗಳ ಮತಪತ್ರ ಮಾತ್ರ ಕಳಿಸುತ್ತವೆ, ಗವರ್ನರ್ ಸ್ಪರ್ಧೆ ಅದರಲ್ಲಿರುವುದಿಲ್ಲ. ಮರಳುತ್ತೇವೆ ಎಂದರೆ ರಾಜ್ಯ ತೆರಿಗೆಯ ಪ್ರಶ್ನೆ ಏಳಬಹುದು. ಇದ್ದದ್ದನ್ನೇ ಬರೆಯಿರಿ, ಅನುಮಾನವಿದ್ದರೆ ತೆರಿಗೆ ಬಲ್ಲವರನ್ನು ಮೊದಲೇ ಕೇಳಿ.

ನಮ್ಮ ಹಾಗೆ ಇಡೀ ದೇಶದ ಮತದಾನ ನಡೆಸುವ ಒಂದೇ ಆಯೋಗ ಅಲ್ಲಿಲ್ಲ. ಅರ್ಜಿ ಹೋಗುವುದು ಅಲ್ಲಿನ ನಿಮ್ಮ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಥವಾ ಊರಿನ ಚುನಾವಣಾ ಕಚೇರಿಗೆ, ಗಡುವೂ ರಾಜ್ಯಕ್ಕೊಂದು. ಮತಪತ್ರ ಇಮೇಲ್‌ನಲ್ಲಿ ಬೇಕೆಂದೇ ಕೇಳಿ. ಸಮಯಕ್ಕೆ ಅರ್ಜಿ ಹಾಕಿದವರಿಗೆ 45 ದಿನ ಮೊದಲು, ಅಂದರೆ ಸೆಪ್ಟೆಂಬರ್ 19ರೊಳಗೆ, ಅದನ್ನು ಕಳಿಸಬೇಕೆಂಬ ಕಾನೂನಿದೆ. ಬರಲಿಲ್ಲವೇ? ಎಫ್‌ಡಬ್ಲ್ಯೂಎಬಿ ಎಂಬ ಬದಲಿ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರು ಕೈಯಾರೆ ಬರೆದು ಕಳಿಸಿ. ಆಮೇಲೆ ಅಸಲಿ ಮತಪತ್ರ ಬಂದರೆ ಅದನ್ನೂ ಕಳಿಸಿ, ಎಣಿಸುವುದು ಒಂದನ್ನೇ.

ಮತಪತ್ರವನ್ನು ಇಮೇಲ್ ಇಲ್ಲವೇ ಆನ್‌ಲೈನ್‌ನಲ್ಲಿ ಹಿಂದಿರುಗಿಸಲು ಬಿಡುವ ರಾಜ್ಯಗಳಿವೆ. ಉಳಿದವರು ಪ್ರಿಂಟ್ ತೆಗೆದು ಅಂಚೆಗೆ ಹಾಕಬೇಕು. ಮತಪತ್ರ ಹಾಕಿ ಕಳಿಸಲು ಕೊಡುವ ಲಕೋಟೆ ಮಾದರಿಯ ಮೇಲೆ 'ಅಂಚೆ ವೆಚ್ಚ ಪಾವತಿಸಿದೆ' ಎಂಬ ಅಮೆರಿಕದ ಗುರುತು ಕಂಡು ಮೋಸಹೋಗಬೇಡಿ. ರಾಜಭವನ ರಸ್ತೆಯ ಜಿಪಿಒದಲ್ಲಿ ಅದು ನಡೆಯುವುದಿಲ್ಲ, ಪೂರ್ತಿ ಶುಲ್ಕ ಕೊಟ್ಟೇ ಕಳಿಸಬೇಕು. ಸಹಿ ಹಿಂದಿನ ದಾಖಲೆಯಲ್ಲಿ ಇದ್ದಂತೆಯೇ ಇರಲಿ: ಅಲ್ಲಿ ಇಂಗ್ಲಿಷ್, ಇಲ್ಲಿ ಕನ್ನಡ ಎಂದಾದರೆ ಲಕೋಟೆ ಪಕ್ಕಕ್ಕೆ ಬೀಳಬಹುದು.

ಅಮೆರಿಕದ ಪೌರತ್ವ ಪಡೆದ ಮೇಲೂ ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ನಮೂನೆ 7 ಕೊಟ್ಟು ತೆಗೆಸಿ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಇಲ್ಲಿ ಮತದ ಹಕ್ಕಿಲ್ಲ.