ಆನೆಯನ್ನು ಆರನೇ ಸಾಲಿನಲ್ಲೇ ಇಟ್ಟುಕೊಂಡೆ

ಮೈಸೂರಿನ ಒಂದು ಚೆಸ್ ರೇಟಿಂಗ್ ಟೂರ್ನಿಯ ಮೂರನೇ ಸುತ್ತು. ನನ್ನ ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕ, 1612. ಎದುರಿಗೆ ಕೂತ ಕಾಲೇಜು ಹುಡುಗನದು 2012. ಇಷ್ಟು ಅಂತರ ಇದ್ದರೆ, ವಿಶ್ವ ಚೆಸ್ ಸಂಸ್ಥೆ ಫಿಡೆಯ ಲೆಕ್ಕದ ಪ್ರಕಾರ ನೂರು ಆಟಕ್ಕೆ ನನಗೆ ಸಿಗಬೇಕಾದ್ದು 8 ಪಾಯಿಂಟ್.

ನನಗೆ ಕಪ್ಪು ಕಾಯಿ. ಕಾರೊ-ಕಾನ್ ಎಂಬ ಆರಂಭ ಆಡಿದೆ. 24ನೇ ನಡೆಯಲ್ಲಿ ಒಂದು ಕಾಲಾಳು ಹೋಯಿತು. ಅಲ್ಲಿಂದ ನನಗಿದ್ದದ್ದು ಒಂದೇ ಯೋಚನೆ. ಉಳಿದ ಕಾಲಾಳುಗಳನ್ನು ಆದಷ್ಟು ಒಂದಕ್ಕೊಂದು ಹೊಡೆಸಿ ಖಾಲಿ ಮಾಡಬೇಕು, ಆನೆಯನ್ನು ಮಾತ್ರ ಬಿಡಬಾರದು.

58ನೇ ನಡೆಯ ಹೊತ್ತಿಗೆ ಹಲಗೆ ಮೇಲೆ ಐದೇ ಕಾಯಿ. ಅವನ ರಾಜ ಡಿ5 (ಅಕ್ಷರ ಉದ್ದಸಾಲಿಗೆ, ಅಂಕಿ ಅವನ ಕಡೆಯಿಂದ ಎಣಿಸಿದ ಅಡ್ಡಸಾಲಿಗೆ), ಕಾಲಾಳು ಇ5, ಆನೆ ಎ7. ನನ್ನ ರಾಜ ಕಾಲಾಳಿನ ದಾರಿಗೆ ಅಡ್ಡವಾಗಿ ಇ8ರಲ್ಲಿ, ಆನೆ ಬಿ6ರಲ್ಲಿ. ಇದೇ ಫಿಲಿಡೋರ್ ರಕ್ಷಣೆ. ಫಿಲಿಡೋರ್ 18ನೇ ಶತಮಾನದ ಫ್ರೆಂಚ್ ಆಟಗಾರ, ಒಪೆರಾಗಳಿಗೆ ಸಂಗೀತವನ್ನೂ ಬರೆದವರು.

ನನ್ನ ಆನೆ ಆರನೇ ಸಾಲು ಕಾಯುತ್ತಿರುವವರೆಗೆ ಅವನ ರಾಜ ಮುಂದೆ ಬರುವಂತಿಲ್ಲ. ಬಿ6, ಜಿ6, ಎಚ್6 ಅಂತ ಸುಮ್ನೆ ಓಡಾಡಿಸುತ್ತಿದ್ದೆ. ಹಿಂದೊಮ್ಮೆ ಇಂಥದ್ದೇ ಆಟ ಸೋತಿದ್ದೆ. ಭಯಕ್ಕೆ ಆನೆಯನ್ನು ಬೇಗ ಕೆಳಗಿಳಿಸಿ ಚೆಕ್ ಕೊಡಲು ಹೋಗಿದ್ದೆ. ಕಾಲಾಳು ಇನ್ನೂ ಇ5ರಲ್ಲಿದ್ದರೆ ರಾಜ ಅದರ ಮುಂದೆ ಇ6ಕ್ಕೆ ಬಂದು ನಿಲ್ಲುತ್ತಾನೆ. ಹಿಂದಿನಿಂದ ಬರುವ ಚೆಕ್‌ಗೆ ಕಾಲಾಳೇ ಅವನಿಗೆ ಕೊಡೆ. ಕಾಲಾಳೇ ಇ6ಕ್ಕೆ ಬಂದರೆ ಆ ಮನೆ ಭರ್ತಿ. ರಾಜ ಅವಿತುಕೊಳ್ಳಲು ಜಾಗ ಎಲ್ಲಿ, ಅಲ್ವಾ?

ನನ್ನ ಗಡಿಯಾರದಲ್ಲಿ ಎರಡು ನಿಮಿಷವೂ ಇರಲಿಲ್ಲ. ಪ್ರತಿ ನಡೆಗೆ ಸೇರುವ 30 ಸೆಕೆಂಡೇ ಗತಿ. ಚೆಕ್ ಕೊಡಲು ಕೈ ತುರಿಸುತ್ತಿತ್ತು. ಪ್ರತಿ ಸಲ 'ಕಾಲಾಳು ಎಲ್ಲಿದೆ?' ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಆಮೇಲೆ ಆನೆ ಮುಟ್ಟಿದೆ.

71ನೇ ನಡೆ. ಅವನು ಇ6 ಆಡಿದ. ನನ್ನ ಆನೆ ಸೀದಾ ಬಿ1ಕ್ಕೆ. ರಾಜ ಡಿ6ಕ್ಕೆ ಬಂದ. ಎ8ಕ್ಕೆ ಆನೆ ಬಂದರೆ ನನಗೆ ಮೇಟ್. ಆದರೆ ನಡೆ ನನ್ನದು. ಡಿ1ರಿಂದ ಚೆಕ್. ರಾಜ ಇ5ಕ್ಕೆ, ನಾನು ಇ1ರಿಂದ ಚೆಕ್. ಎಫ್6ಕ್ಕೆ, ಎಫ್1ರಿಂದ ಚೆಕ್. ಇನ್ನೂ ಮೂರು ಚೆಕ್ ಆದ ಮೇಲೆ ಅವನು ರಾಜನನ್ನು ಸರಿಸಿ, ಗಡಿಯಾರ ಒತ್ತುವ ಮುಂಚೆ ಕೇಳಿದ: "ಡ್ರಾ ಮಾಡ್ಕೊಳ್ಳೋಣ್ವಾ ಸರ್?"

ಕೈ ಕುಲುಕಿದೆವು. ನನ್ನ ರೇಟಿಂಗ್‌ಗೆ 8.4 ಸೇರಿತು. ಹೊರಗೆ ಬಂದ ಮೇಲೆ ಆ 24ನೇ ನಡೆಯನ್ನು ಅವನೇ ಹಲಗೆ ಮೇಲೆ ಜೋಡಿಸಿ ತೋರಿಸಿದ. ಒಂಟೆಯನ್ನು ಒಂದು ಮನೆ ಹಿಂದಕ್ಕೆ ಎಳೆದಿದ್ದರೆ ಕಾಲಾಳು ಉಳಿಯುತ್ತಿತ್ತು. ನನಗದು ಹೊಳೆದೇ ಇರಲಿಲ್ಲ. ಅಲ್ಲೇ ನಿಂತು ಸ್ಕೋರ್‌ಶೀಟ್‌ನ ಹಿಂಬದಿಗೆ ಬರೆದುಕೊಂಡೆ.